ಗೋವೆಯ ಕಡಲತೀರ ಮತ್ತು ಕನ್ನಡದ ಹೆಜ್ಜೆಗಳು

ಪುಣೆಯ ಉತ್ತರಕ್ಕಿರುವ ಭೋಸರಿ ಇಂದು ಯಂತ್ರಾಗಾರಗಳ ಊರು. 1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಇಲ್ಲಿ ಕೈಗಾರಿಕಾ ವಸಾಹತನ್ನು ನಿರ್ಮಿಸಿದ ತರುವಾಯ ಹಲವು ಪ್ರಾಂತಗಳ ಜನರು ಬಂದು ನೆಲೆಸಿದರು. ಕನ್ನಡನಾಡಿನಿಂದ, ಅದರಲ್ಲಿಯೂ ಉತ್ತರದ ಜಿಲ್ಲೆಗಳಿಂದ, ಬಂದವರೂ ಅವರಲ್ಲಿ ಉಂಟು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಇವರಿಗೆ ರಜೆಯ ನಾಲ್ಕು ದಿನ ದೊರೆತರೆ ಕಡಲನ್ನು ಕಾಣುವ ಹಂಬಲ. ಕಡಲೆಂದೊಡನೆ ನೆನಪಾಗುವುದು ಗೋವೆ. ಕಲಂಗೂಟಿನ ಮರಳು, ಕೋಲ್ವದ ಅಲೆ, ತೆಂಗಿನ ಸಾಲು, ಹಳೆಯ ಇಗರ್ಜಿಗಳು—ಇಷ್ಟನ್ನು ನೋಡಿ ಹಿಂದಿರುಗುವವರೇ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಭಾಷೆ ಒಂದು ನೆಲದಲ್ಲಿ ಹೇಗೆ ಉಳಿಯುತ್ತದೆ, ಯಾವ ಕಾರಣದಿಂದ ಅಲ್ಲಿಂದ ಹಿಂದೆ ಸರಿಯುತ್ತದೆ ಎಂಬುದನ್ನು ಅರಿಯಬಯಸುವವನಿಗೆ ಗೋವೆಯಷ್ಟು ಬೋಧಪ್ರದವಾದ ಕರಾವಳಿ ಬೇರೊಂದಿರಲಾರದು. ಹೊರನಾಡಿನಲ್ಲಿ ಮನೆಮಾಡಿಕೊಂಡ ಕನ್ನಡಿಗರಿಗೆ ಈ ಪ್ರಶ್ನೆ ಬರಿಯ ಪಾಂಡಿತ್ಯದ್ದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪುಣೆಯಿಂದ ಗೋವೆಗೆ ಇಳಿಯುವ ರೈಲುಮಾರ್ಗವು ಮಿರಜೆಯನ್ನು ದಾಟಿ ಬೆಳಗಾವಿ, ಖಾನಾಪುರ, ಲೋಂಡಾಗಳ ಮೂಲಕ ಸಾಗಿ, ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್ ನಿಲ್ದಾಣದಿಂದ ಸಹ್ಯಾದ್ರಿಯನ್ನು ಇಳಿಯತೊಡಗುತ್ತದೆ. ಮುರಗಾವ ಬಂದರವನ್ನು ದಖ್ಖನಿಗೆ ಜೋಡಿಸಲೆಂದು 1880ರ ದಶಕದಲ್ಲಿ ಈ ಘಟ್ಟದ ಹಳಿಗಳನ್ನು ಹಾಸಲಾಯಿತು. ಮಳೆಗಾಲದಲ್ಲಿ ದೂಧಸಾಗರದ ಜಲಪಾತವು ಹಳಿಯ ಪಕ್ಕದಲ್ಲಿಯೇ ಮೈದುಂಬಿ ಧುಮುಕುತ್ತದೆ; ಆದರೆ ಆ ತಿಂಗಳುಗಳಲ್ಲಿ ಕಡಲು ಕೆರಳಿರುವುದರಿಂದ ತೀರವನ್ನು ನೋಡಬೇಕೆನ್ನುವವರು ಸಾಮಾನ್ಯವಾಗಿ ಮಳೆ ಹಿಂದೆಗೆದ ಮೇಲೆ ಹೊರಡುತ್ತಾರೆ. ಹೇಗಿದ್ದರೂ ಭೋಸರಿಯ ಪ್ರವಾಸಿಗನು ಗೋವೆಯನ್ನು ಸೇರುವ ಮೊದಲು ಕನ್ನಡನಾಡಿನ ಒಂದು ಮೂಲೆಯನ್ನು ಹಾದೇ ಹೋಗುತ್ತಾನೆ. ಇದು ಇಂದಿನ ರೈಲುಮಾರ್ಗದ ಆಕಸ್ಮಿಕವಷ್ಟೇ ಅಲ್ಲ. ಘಟ್ಟದ ಮೇಲಣ ಊರುಗಳೂ ಕೆಳಗಣ ಬಂದರುಗಳೂ ಹಿಂದೆ ಒಂದೇ ರಾಜ್ಯದ ಎರಡು ಮಗ್ಗುಲುಗಳಾಗಿದ್ದವು.

ಖಾನಾಪುರ ತಾಲ್ಲೂಕಿನ ಹಲಸಿ ಇದಕ್ಕೆ ಸಾಕ್ಷಿ. ಪಲಾಶಿಕಾ ಎಂಬ ಹೆಸರಿನಲ್ಲಿ ಇದು ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿತ್ತು; ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಇಲ್ಲಿ ಜಿನಾಲಯವನ್ನು ಕಟ್ಟಿಸಿದನು. ಶತಮಾನಗಳು ಕಳೆದ ಮೇಲೆ ಅದೇ ಕುಲದ ಹೆಸರನ್ನು ಹೊತ್ತ ಗೋವೆಯ ಕದಂಬರು ಹಲಸಿಯನ್ನು ತಮ್ಮ ಘಟ್ಟದ ಮೇಲಣ ನೆಲೆಯನ್ನಾಗಿ ಮಾಡಿಕೊಂಡರು. ಭೂವರಾಹ ನರಸಿಂಹ ದೇವಾಲಯವು ಅವರ ಕಾಲದ್ದು. ಇದೇ ಮನೆತನದ ಪೆರ್ಮಾಡಿ ಶಿವಚಿತ್ತನ ರಾಣಿ ಕಮಲಾದೇವಿಯು ಬೆಳಗಾವಿ ಜಿಲ್ಲೆಯ ದೇಗಾವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವೂ ಹನ್ನೆರಡನೆಯ ಶತಮಾನದ ಶಿಲ್ಪಕ್ಕೆ ಉತ್ತಮ ನಿದರ್ಶನ.

ಈ ಅರಸರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದರು; ಎರಡನೆಯ ಜಯಕೇಶಿಯು ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಲದೇವಿಯನ್ನು ವರಿಸಿದ್ದನು. ಆದರೆ ಅವರ ಬಲದ ಮೂಲವಿದ್ದುದು ಕಡಲಿನಲ್ಲಿ. ಅವರ ಮೊದಲ ರಾಜಧಾನಿ ಚಂದ್ರಪುರ, ಎಂದರೆ ಇಂದಿನ ಚಾಂದೋರ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಒಂದನೆಯ ಜಯಕೇಶಿಯು ಜುವಾರಿ ನದಿಯ ದಂಡೆಯ ಗೋಪಕಪಟ್ಟಣಕ್ಕೆ ರಾಜಧಾನಿಯನ್ನು ವರ್ಗಾಯಿಸಿದನು. ಆ ಬಂದರಿಗೆ ದೂರದೇಶಗಳ ಹಡಗುಗಳು ಬರುತ್ತಿದ್ದವು. ಅರಬ್ ಮೂಲದ ವರ್ತಕ ಕುಟುಂಬದವನೊಬ್ಬನು ಜಯಕೇಶಿಯ ಅಧಿಕಾರಿಯಾಗಿದ್ದನೆಂದೂ, ಅವನ ಮಸೀದಿಯ ನಿರ್ವಹಣೆಗೆ ಬಂದರಿನ ಸುಂಕದಿಂದ ದ್ರವ್ಯವು ಸಲ್ಲುತ್ತಿತ್ತೆಂದೂ ತಾಮ್ರಶಾಸನದಿಂದ ತಿಳಿದುಬರುತ್ತದೆ. ಈ ವಂಶದ ಚರಿತ್ರೆಯನ್ನು ಜಾರ್ಜ್ ಮೊರಾಯಿಸರು 1931ರಲ್ಲಿ ಪ್ರಕಟವಾದ ‘ಕದಂಬ ಕುಲ’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ.

ಪ್ರವಾಸಿಗನು ನೋಡತಕ್ಕ ಸ್ಥಳಗಳು ಇವುಗಳಿಂದಲೇ ಹೊಳೆಯುತ್ತವೆ. ಮಡಗಾಂವಿಗೆ ಸಮೀಪದಲ್ಲಿ, ರೈಲುಹಳಿಯ ಬದಿಯಲ್ಲಿಯೇ ಇರುವ ಚಾಂದೋರಿನಲ್ಲಿ ಹಳೆಯ ದೇವಾಲಯವೊಂದರ ತಳಹದಿಯೂ ತಲೆ ಕಳೆದುಕೊಂಡ ನಂದಿಯೂ ಉಳಿದಿವೆ. ಘಟ್ಟದ ತಪ್ಪಲಿನ ಕಾಡಿನೊಳಗೆ ತಾಂಬಡೀ ಸುರ್ಲದ ಮಹಾದೇವ ದೇವಾಲಯವಿದೆ. ಕರಿಯ ಅಗ್ನಿಶಿಲೆಯಲ್ಲಿ ಕಡೆದ ಈ ಪುಟ್ಟ ಗುಡಿಯ ಮುಂದೆ ನಿಂತಾಗ ಉತ್ತರ ಕರ್ನಾಟಕದ ಚಾಲುಕ್ಯ ಶೈಲಿಯ ಗುಡಿಗಳನ್ನು ಕಂಡವರಿಗೆ ಹೊಸತೆನಿಸದು. ಕಾಡಿನ ಮರೆಯಲ್ಲಿದ್ದುದೇ ಅದನ್ನು ಕಾಪಾಡಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಕದಂಬರ ಕುಲದೇವನಾದ ಸಪ್ತಕೋಟೀಶ್ವರನು ಮೊದಲು ದಿವಾಡಿ ದ್ವೀಪದಲ್ಲಿದ್ದು, ಬಳಿಕ ಡಿಚೋಲಿಯ ನಾರ್ವೆಗೆ ಬಂದನು. ಅಲ್ಲಿಯ ಗುಡಿಯನ್ನು ಶಿವಾಜಿಯು 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದನು. ಹಳೆಯ ಗೋವೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲು, ಮಾಸತಿಕಲ್ಲುಗಳಿವೆ. ಇಷ್ಟೂ ದೂರವೆನಿಸಿದವರು ರಸ್ತೆಯ ಮೇಲೆ ಕಣ್ಣಿಟ್ಟರೂ ಸಾಕು: 1980ರಲ್ಲಿ ಸ್ಥಾಪಿತವಾದ ಗೋವೆಯ ಸರಕಾರಿ ಸಾರಿಗೆ ನಿಗಮದ ಹೆಸರು ‘ಕದಂಬ’. ಗಡಿಯಾಚೆ ಕಾರವಾರದಲ್ಲಿ 2005ರಲ್ಲಿ ಸೇವೆಗೆ ಸೇರಿದ ನೌಕಾನೆಲೆಯ ಹೆಸರೂ ಅದೇ.

ಅರಸರ ಹೆಸರು ಉಳಿಯಿತು. ಅವರ ಶಾಸನಗಳಲ್ಲಿ ಸಂಸ್ಕೃತದ ಜೊತೆಗೆ ಮೆರೆದ ಕನ್ನಡವು ಮಾತ್ರ ಗೋವೆಯಲ್ಲಿ ಉಳಿಯಲಿಲ್ಲ. ಉಳಿದುದು ಅದರ ನೆರಳು. ಹಳಗನ್ನಡ ಲಿಪಿಗೆ ಹತ್ತಿರವಾದ ‘ಗೋಯ್‌ಕಾನಡಿ’ ಎಂಬ ಲಿಪಿಯು ಅಲ್ಲಿಯ ಲೆಕ್ಕಪತ್ರಗಳಲ್ಲಿ ಪೋರ್ತುಗೀಜರ ಕಾಲದಲ್ಲಿಯೂ ಬಳಕೆಯಲ್ಲಿತ್ತು. ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸನು ಬರೆದು, ಅವನ ಮರಣಾನಂತರ 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ವ್ಯಾಕರಣದ ಹೆಸರು ‘ಆರ್ತೆ ದ ಲಿಂಗ್ವ ಕನಾರಿಂ’. ಇಲ್ಲಿ ಎಚ್ಚರವು ಅವಶ್ಯ. ‘ಕನಾರಿಂ’ ಎಂಬ ಶಬ್ದವನ್ನು ಕಂಡು ಅದು ಕನ್ನಡ ವ್ಯಾಕರಣವೆಂದು ಹಿಗ್ಗುವವರುಂಟು; ಅದು ವಿವರಿಸುವುದು ಕೊಂಕಣಿಯನ್ನು. ಪೋರ್ತುಗೀಜರು ಗೋವೆಯ ಜನರನ್ನೂ ಅವರ ನುಡಿಯನ್ನೂ ಕನ್ನಡದ ಹೆಸರಿನಿಂದ ಕರೆದರೆಂಬಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ. ಆಳಿದವರ ಭಾಷೆ ಕನ್ನಡವಾಗಿತ್ತು. ಒಲೆಯ ಮುಂದಣ ಭಾಷೆ ಬಹುಮಟ್ಟಿಗೆ ಬೇರೆಯಾಗಿತ್ತು ಎಂದು ತಿಳಿಯುವುದೇ ಯುಕ್ತ.

ಇದರ ಪರಿಣಾಮವನ್ನು ಮುಂದಿನ ಚರಿತ್ರೆ ತೋರಿಸುತ್ತದೆ. ಕದಂಬರ ತರುವಾಯ ಗೋವೆಯು ವಿಜಯನಗರ ಮತ್ತು ಬಹಮನಿ ರಾಜ್ಯಗಳ ನಡುವೆ ಕೈಯಿಂದ ಕೈಗೆ ಹೋಯಿತು. ಬಳಿಕ ವಿಜಾಪುರದ ಆದಿಲಶಾಹಿಗೆ ಸೇರಿತು. 1510ರಲ್ಲಿ ಅದನ್ನು ಗೆದ್ದುಕೊಂಡ ಅಲ್ಬುಕರ್ಕನಿಗೆ ನೆರವಾದವನು ಹೊನ್ನಾವರದ ಕಡೆಯ ತಿಮ್ಮಯ್ಯ. ರಾಜ್ಯವು ಹೋದೊಡನೆ ರಾಜಭಾಷೆಯೂ ಹೋಯಿತು. ಅದನ್ನು ಯಾರೂ ನಿಷೇಧಿಸಬೇಕಾಗಲಿಲ್ಲ. ಕೊಂಕಣಿಯ ಸಂಗತಿ ಇದಕ್ಕೆ ವಿಪರೀತ. 1684ರಲ್ಲಿ ಪೋರ್ತುಗೀಜ ವೈಸರಾಯನು ಮೂರು ವರ್ಷಗಳೊಳಗೆ ಸ್ಥಳೀಯರು ತಮ್ಮ ನುಡಿಯನ್ನು ಬಿಟ್ಟು ಪೋರ್ತುಗೀಜನ್ನು ಆಡಬೇಕೆಂದು ಆಜ್ಞೆ ಹೊರಡಿಸಿದನು. ಆಜ್ಞೆಯು ಕಡತದಲ್ಲಿ ಉಳಿಯಿತು, ನುಡಿಯು ಮನೆಯಲ್ಲಿ ಉಳಿಯಿತು. ಗೋವೆಯು 1961ರ ಡಿಸೆಂಬರ್ 19ರಂದು ವಿಮೋಚನೆ ಹೊಂದಿ, 1987ರಲ್ಲಿ ರಾಜ್ಯವಾದಾಗ ದೇವನಾಗರಿ ಲಿಪಿಯ ಕೊಂಕಣಿಯೇ ಅದರ ರಾಜಭಾಷೆಯಾಯಿತು. 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು.

ಇನ್ನೊಂದು ಸಂಗತಿಯೂ ಗಮನಾರ್ಹ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ದೇವಾಲಯಗಳನ್ನು ಕೆಡವತೊಡಗಿದಾಗ ಕುಶಸ್ಥಳಿಯ ಮಂಗೇಶನೂ ಕೆಳೋಶಿಯ ಶಾಂತಾದುರ್ಗೆಯೂ ಆಗ ಪೋರ್ತುಗೀಜರ ಆಳ್ವಿಕೆಯ ಹೊರಗಿದ್ದ ಫೋಂಡಾ ಪ್ರದೇಶವನ್ನು ಸೇರಿದರು. ಅನೇಕ ಕುಟುಂಬಗಳು ಇನ್ನೂ ದಕ್ಷಿಣಕ್ಕೆ ಸರಿದು ಅಂಕೋಲೆ, ಕುಮಟೆ, ಮಂಗಳೂರುಗಳಲ್ಲಿ ನೆಲೆಸಿದವು. ಮುಂದೆ ಕೊಂಕಣಿಯಾಡುವ ಕ್ರೈಸ್ತರೂ ಹಾಗೆಯೇ ಬಂದರು. ಅವರಿಗೆ ಆ ತೀರವು ತೀರ ಪರಕೀಯವೆನಿಸಿರಲಾರದು. ಉಪ್ಪುನೀರಿಗೆ ಒಡ್ಡು ಕಟ್ಟಿ, ತೂಬಿನ ಬಾಗಿಲಿನಿಂದ ಭರತ ಇಳಿತಗಳನ್ನು ಅಂಕೆಯಲ್ಲಿಟ್ಟು, ಮಳೆಗಾಲದಲ್ಲಿ ಬತ್ತವನ್ನೂ ಉಳಿದ ಕಾಲದಲ್ಲಿ ಮೀನನ್ನೂ ಪಡೆಯುವ ಗದ್ದೆಗೆ ಗೋವೆಯಲ್ಲಿ ‘ಖಾಜಣ’ವೆಂದು ಹೆಸರು, ಅದೇ ಪದ್ಧತಿಯ ಗದ್ದೆಗೆ ಉತ್ತರ ಕನ್ನಡದಲ್ಲಿ ‘ಗಜನಿ’ ಎನ್ನುತ್ತಾರೆ. ಅಲ್ಲಿ ಕೊರ್ಗುಟ, ಇಲ್ಲಿ ಕಗ್ಗ—ಎರಡೂ ಉಪ್ಪನ್ನು ತಾಳಿಕೊಳ್ಳುವ ಬತ್ತದ ತಳಿಗಳು. ಹೀಗೆ ಬಂದವರು ಮನೆಯಲ್ಲಿ ಕೊಂಕಣಿಯನ್ನು ಬಿಡಲಿಲ್ಲ. ಶಾಲೆಯಲ್ಲಿಯೂ ವ್ಯವಹಾರದಲ್ಲಿಯೂ ಕನ್ನಡವನ್ನು ತಮ್ಮದನ್ನಾಗಿ ಮಾಡಿಕೊಂಡರು. ಪಂಜೆ ಮಂಗೇಶರಾಯರೂ ಮಂಜೇಶ್ವರದ ಗೋವಿಂದ ಪೈಗಳೂ ಕೊಂಕಣಿ ಮನೆಮಾತಿನವರು. ಒಂದು ನುಡಿಯನ್ನು ಉಳಿಸಿಕೊಳ್ಳಲು ಇನ್ನೊಂದನ್ನು ದೂರವಿಡಬೇಕಾಗಿಲ್ಲವೆಂಬುದಕ್ಕೆ ಇವರಿಗಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಕನ್ನಡವು ಗೋವೆಗೆ ಮತ್ತೊಮ್ಮೆ ಬಂದಿದೆ. 2011ರ ಜನಗಣತಿಯಂತೆ ಅಲ್ಲಿಯ ಜನರಲ್ಲಿ ನೂರಕ್ಕೆ ನಾಲ್ವರಿಗಿಂತ ಹೆಚ್ಚು ಮಂದಿಯ ಮಾತೃಭಾಷೆ ಕನ್ನಡ. ಈ ಸಲ ಅದು ಬಂದುದು ಅರಸರೊಡನೆ ಅಲ್ಲ. ಕಟ್ಟಡ ಕಟ್ಟುವವರು, ಬಂದರಿನಲ್ಲಿ ಹೊರೆ ಹೊರುವವರು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಅದನ್ನು ಹೊತ್ತು ತಂದರು. ಶಾಸನದ ಕಲ್ಲಿನಲ್ಲಿ ಅದು ಕಾಣಿಸದು; ವಾಸ್ಕೊದ ಓಣಿಗಳಲ್ಲಿ ಕಿವಿಗೆ ಬೀಳುತ್ತದೆ. ಕದಂಬರ ಕನ್ನಡಕ್ಕಿಲ್ಲದ ಒಂದು ಬಲ ಈ ಕನ್ನಡಕ್ಕುಂಟು: ಅದು ಮನೆಮಾತು.

ಭೋಸರಿಯ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಬಹುದು. ಇಲ್ಲಿಯ ಕನ್ನಡ ಮಕ್ಕಳ ಶಾಲೆ, ಗೆಳೆತನ, ಬೀದಿ ಎಲ್ಲವೂ ಮರಾಠಿಯಲ್ಲಿವೆಯೆಂದು ಹಿರಿಯರು ಕಳವಳಗೊಳ್ಳುವುದುಂಟು. ಮಂಗಳೂರಿನ ಕೊಂಕಣಿ ಮಕ್ಕಳಿಗೂ ಕನ್ನಡವು ಹೀಗೆಯೇ ಒದಗಿತ್ತು. ಅದರಿಂದ ಕೊಂಕಣಿ ಕೆಡಲಿಲ್ಲ, ಕನ್ನಡವು ಬೆಳೆಯಿತು. ಆದುದರಿಂದ ಅಪಾಯವಿರುವುದು ಮರಾಠಿಯ ಕಲಿಕೆಯಲ್ಲಲ್ಲ. ಉತ್ಸವದ ವೇದಿಕೆಯಲ್ಲಿ, ಅಭಿನಂದನ ಪತ್ರದಲ್ಲಿ, ವಾರ್ಷಿಕ ವರದಿಯಲ್ಲಿ ಮೆರೆದು, ಊಟದ ಮಣೆಯ ಮುಂದೆ ಮೌನವಾಗುವ ಕನ್ನಡವು ಶಾಸನದ ಕನ್ನಡದಂತೆಯೇ. ವೇದಿಕೆ ಕಳಚಿದ ದಿನ ಅದೂ ಕಳಚುತ್ತದೆ. ಮಗುವಿನೊಡನೆ ಮುನಿಯಲೂ ಮುದ್ದಿಸಲೂ ಬಳಕೆಯಾಗುವ ಕನ್ನಡವನ್ನು ಯಾವ ಆಜ್ಞೆಯೂ ಅಳಿಸಲಾರದು. ತಾಂಬಡೀ ಸುರ್ಲದ ಗುಡಿಯನ್ನು ನೋಡಿ ಬಂದ ಕುಟುಂಬವೊಂದು ಅದರ ಕಥೆಯನ್ನು ಹಿಂದಿರುಗುವ ದಾರಿಯಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಹೇಳಿದರೆ ಪ್ರವಾಸದ ಪ್ರಯೋಜನವು ಪೂರ್ಣವಾದಂತೆಯೇ ಸರಿ.