ಮೊದಲ ತಂಬಿಗೆ ನೀರು

ಮಳೆ ಹಿಂದೆ ಸರಿದ ಮೇಲೆ ಸಾಗರ ಸೀಮೆಯ ಹೆಂಚಿನ ಮನೆಗಳಿಗೆ ಒಂದು ವಾಸನೆ ಬಂದಿರುತ್ತದೆ. ಒದ್ದೆ ಕಂಬಳಿಯದು, ಹೊಗೆ ಕುಡಿದ ಜಂತಿಯದು, ತಿಂಗಳುಗಟ್ಟಲೆ ಮುಚ್ಚಿಟ್ಟ ಟ್ರಂಕಿನದು, ಎಲ್ಲ ಕಲೆತು ಒಂದಾದ ವಾಸನೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಮುಗಿದರೂ ಅಂಗಳ ಬಿಟ್ಟು ಹೋಗಿರುವುದಿಲ್ಲ. ಗೋಡೆ ನೀರು ಕುಡಿದು ಭಾರವಾಗಿರುತ್ತದೆ. ಚಪ್ಪಲಿ, ಬೆಲ್ಟು, ಹಳೆಯ ಪಂಚಾಂಗಗಳ ಕಟ್ಟು, ಮರದ ಮಣೆ, ಎಲ್ಲದರ ಮೇಲೂ ಬಿಳಿಹಸಿರು ಬೂಷ್ಟು ತುಪ್ಪಳದ ಹಾಗೆ ಹಬ್ಬಿರುತ್ತದೆ. ದೀಪಾವಳಿ ಬರುವುದು ಸರಿಯಾಗಿ ಆ ಹೊತ್ತಿಗೆ. ಹಬ್ಬಕ್ಕೆಂದು ಮನೆ ತೊಳೆಯುತ್ತಾರೋ, ಮನೆ ತೊಳೆಯಲೆಂದೇ ಹಿರಿಯರು ಹಬ್ಬ ಇಟ್ಟರೋ ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ. ಅಡಿಕೆಯ ಕೊನೆಕೊಯ್ಲು ಶುರುವಾಯಿತೆಂದರೆ ಮತ್ತೆ ಯಾರ ಕೈಯೂ ಖಾಲಿ ಇರುವುದಿಲ್ಲ. ಇದ್ದರೆ ಈ ನಾಲ್ಕು ದಿನ.

ಈ ಸಲ ನಾನು ಬೆಂಗಳೂರಿನಿಂದ ನಾಲ್ಕು ದಿನ ಮೊದಲೇ ಬಂದಿದ್ದೆ. ಬೆಳಿಗ್ಗೆ ಎದ್ದವಳೇ ಪೊರಕೆ ಹುಡುಕಿದೆ. ಅಮ್ಮ ತಡೆದಳು. "ಪೊರಕೆ ಆಮೇಲೆ ಮಾರಾಯ್ತಿ. ಮೊದಲು ಕಿಟಕಿ ತೆಗಿ."

ಎಲ್ಲ ಕಿಟಕಿ ಬಾಗಿಲು ತೆಗೆದು, ಬಿಸಿಲು ಜಗಲಿಯಿಂದ ನಡುಮನೆಗೆ ಕಾಲಿಡುವವರೆಗೆ ಅಮ್ಮ ಸುಮ್ಮನೆ ಕೂತು ಕಾಫಿ ಕುಡಿದಳು. ಬೂಷ್ಟಿಗೆ ತೇವ ಬೇಕು, ನಿಂತ ಗಾಳಿ ಬೇಕು. ಅವೆರಡನ್ನೂ ಮೊದಲು ತಪ್ಪಿಸಿದರೆ ಅರ್ಧ ಕೆಲಸ ಮುಗಿಯಿತು. ನಂತರ ಅಂಗಳಕ್ಕೆ ಮೆರವಣಿಗೆ: ಹಾಸಿಗೆ, ದಿಂಬು, ಕಂಬಳಿ, ಚಾಪೆ, ಟ್ರಂಕು, ದೇವರ ಮನೆಯ ಮಣೆ, ಅಣ್ಣನ ಮಗಳ ಶಾಲೆಯ ಚೀಲ. ಅಡಿಕೆ ಒಣಗಿಸುವ ಜಾಗದಲ್ಲಿ ಒಂದು ಮನೆಯೇ ಬಿಚ್ಚಿಕೊಂಡು ಬಿದ್ದಿತ್ತು. ದಿಂಬಿನಿಂದ ಆವಿ ಏಳುತ್ತಿತ್ತು. ಮಗುಚಿ ಹಾಕಿದಾಗ ತಳದ ಕಡೆ ಇನ್ನೂ ತಣ್ಣಗಿರುತ್ತಿತ್ತು. ಹಾಸಿಗೆಯ ಹೊಟ್ಟೆಯೊಳಗಿನ ಕಣ್ಣಿಗೆ ಕಾಣದ ಧೂಳುಹುಳಗಳಿಗೂ ಈ ಒಣ ಬಿಸಿಲು ಆಗಿ ಬರುವುದಿಲ್ಲ. ಬೆಳಗಾಗುವಾಗ ಸೀನುವವರು ಇರುವ ಮನೆಯಲ್ಲಿ ಹಾಸಿಗೆಗೆ ಬಿಸಿಲು ತೋರಿಸುವುದನ್ನು ಹಬ್ಬಕ್ಕೆ ಕಾಯಿಸಬಾರದು.

ಮಣೆಯ ಬೂಷ್ಟನ್ನು ಒಣ ಬಟ್ಟೆಯಲ್ಲಿ ಝಾಡಿಸಹೊರಟ ಅತ್ತಿಗೆಯ ಕೈಗೆ ಅಮ್ಮ ಒದ್ದೆ ಬಟ್ಟೆ ಕೊಟ್ಟಳು. ಒಣದಾಗಿ ಕೊಡವಿದರೆ ಬೂಷ್ಟಿನ ಪುಡಿ ಗಾಳಿಗೆ ಹಾರಿ ಮೂಗಿಗೂ ಪಕ್ಕದ ಮಣೆಗೂ ಹೋಗುತ್ತದೆ. ಸಾಬೂನು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು, ಆ ಬಟ್ಟೆಯನ್ನು ಕುದಿನೀರಿಗೆ ಹಾಕುವುದು. ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ಅತ್ತಿಗೆ ಹನ್ನೆರಡು ಮಣೆ ಒರೆಸಿದಳು.

ಒಳಗೆ ಅಣ್ಣ ಉದ್ದ ಬಿದಿರಿಗೆ ಪೊರಕೆ ಕಟ್ಟಿ ಅಡಿಗೆಮನೆಯ ಮಾಡಿನಿಂದ ಇಲ್ಲಣ ತೆಗೆಯುತ್ತಿದ್ದ. ಸೌದೆ ಒಲೆ ವರ್ಷವೆಲ್ಲ ಉಗುಳಿದ ಮಸಿ ಜೇಡರ ಬಲೆಗೆ ಅಂಟಿ ಕಪ್ಪು ಎಳೆಗಳಾಗಿ ತೂಗುತ್ತಿರುತ್ತದಲ್ಲ, ಅದು. ಒಂದೊಂದು ಎಳೆಯೂ ಬೀಳುವಾಗ ಗಾಳಿಯಲ್ಲಿ ತೇಲಿ ತೇಲಿ ಕೊನೆಗೆ ಎಲ್ಲಿ ಬೇಡವೋ ಅಲ್ಲಿಯೇ ಕೂರುತ್ತದೆ. ಅದಕ್ಕೇ ಈ ಮನೆಯಲ್ಲಿ ಒಂದು ಕ್ರಮ ಇದೆ: ಜಂತಿ ಮೊದಲು, ನಂತರ ಅಟ್ಟ, ನಂತರ ಗೋಡೆ, ಕಿಟಕಿಯ ಸರಳು, ಕಪಾಟು; ನೆಲ ಎಲ್ಲಕ್ಕಿಂತ ಕೊನೆಗೆ. ಬೆಂಗಳೂರಿನ ನನ್ನ ಎರಡು ಕೋಣೆಯ ಮನೆಯಲ್ಲಿ ಜಂತಿಯ ಜಾಗದಲ್ಲಿ ಫ್ಯಾನ್ ಇದೆ, ಕ್ರಮ ಅದೇ. ಹಳೆಯ ದಿಂಬಿನ ಗವಸನ್ನು ಫ್ಯಾನಿನ ರೆಕ್ಕೆಗೆ ತೊಡಿಸಿ, ಮೇಲೆ ಕೆಳಗೆ ಒತ್ತಿ ಹಿಡಿದು ಎಳೆದರೆ ಧೂಳೆಲ್ಲ ಗವಸಿನೊಳಗೇ ಉಳಿಯುತ್ತದೆ, ಹಾಸಿಗೆಯ ಮೇಲೆ ಉದುರುವುದಿಲ್ಲ. ಇದನ್ನು ಅಮ್ಮನಿಗೆ ಹೇಳಿಕೊಟ್ಟವಳು ನಾನು. ಅವಳಿಗೆ ನಾನು ಕಲಿಸಿದ್ದೆಂದರೆ ಅದೊಂದೇ ಇರಬೇಕು.

ಮಧ್ಯಾಹ್ನದ ಊಟದ ನಂತರ ಅಮ್ಮ ಜಗಲಿಯಲ್ಲಿ ಮೂರು ಚಾಪೆ ಹಾಸಿದಳು. ಒಂದರ ಮೇಲೆ ಒಳಗೆ ಹೋಗುವವು, ಇನ್ನೊಂದರ ಮೇಲೆ ಯಾರಿಗಾದರೂ ಕೊಡುವವು, ಮೂರನೆಯದರ ಮೇಲೆ ಹರಿದು ಒರೆಸುವ ಬಟ್ಟೆ ಮಾಡುವವು. ಕೈಗೆ ಬಂದ ಪ್ರತಿಯೊಂದೂ ಈ ಮೂರರಲ್ಲಿ ಒಂದಕ್ಕೆ ಹೋಗಲೇಬೇಕು. "ನೋಡುವಾ, ಇರಲಿ" ಎನ್ನುವ ನಾಲ್ಕನೆಯ ಚಾಪೆ ಇಲ್ಲ. ಅಟ್ಟ ತುಂಬುವುದು ಆ ನಾಲ್ಕನೆಯ ಚಾಪೆಯಿಂದಲೇ ಎಂದು ಅವಳ ನಂಬಿಕೆ, ನನ್ನದೂ ಹೌದು. ಅಪ್ಪಯ್ಯನ ಹಳೆಯ ಸ್ವೆಟರ್ ಮಾತ್ರ ಎರಡನೆಯ ಚಾಪೆಗೆ ಹೋಗಿ, ಐದು ನಿಮಿಷ ಇದ್ದು, ಮೊದಲನೆಯದಕ್ಕೆ ಮರಳಿತು. ಅವರು ಹೋಗಿ ಆರು ವರ್ಷ. ಯಾರೂ ಏನೂ ಹೇಳಲಿಲ್ಲ.

ಟ್ರಂಕಿನ ತಳದಲ್ಲಿ ಸೀರೆಗಳಿದ್ದವು. ಅಜ್ಜಿಯದೊಂದು ಗಿಳಿಹಸಿರಿನ ಮೈಸೂರು ರೇಷ್ಮೆ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿದ್ದು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಸೀರೆ ಎಂದರೆ ನಮ್ಮ ಕಡೆ ಮದುವೆಗೊಂದು, ಮಗಳ ಮದುವೆಗೊಂದು. ಅಮ್ಮ ಅದನ್ನು ನೆರಳಿನಲ್ಲಿ ಹರಡಿದಳು. ಬಣ್ಣದ ರೇಷ್ಮೆಗೆ ನೇರ ಬಿಸಿಲು ಕೂಡದು. ಹಳೆಯ ಮಡಿಕೆಯ ಗೆರೆಗಳನ್ನು ಅಂಗೈಯಲ್ಲಿ ತೀಡಿ, ಅವು ಬೇರೆ ಕಡೆ ಬೀಳುವಂತೆ ಹೊಸದಾಗಿ ಮಡಿಚಿದಳು. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತ ಸೀರೆ ಆ ಗೆರೆಯಲ್ಲೇ ಸೀಳುತ್ತದೆ, ಜರಿ ಅಲ್ಲೇ ಮುರಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ತೇವ ಒಳಗೇ ನಿಲ್ಲುತ್ತದೆ. ಹತ್ತಿ ಬಟ್ಟೆ ಉಸಿರಾಡಗೊಡುತ್ತದೆ. ಮಡಿಕೆಗಳ ನಡುವೆ ಲಾವಂಚದ ಬೇರು, ಒಣಗಿದ ಬೇವಿನ ಎಲೆಯ ಪೊಟ್ಟಣ, ಒಂದು ಖಾಲಿ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ. ಸೋಪು ಮುಗಿದರೂ ಡಬ್ಬಿ ಎಸೆಯದ ಮನೆಗಳು ನಮ್ಮ ನಾಡಿನಲ್ಲಿ ಎಷ್ಟಿವೆಯೋ! ಸೀರೆ ಬಿಚ್ಚಿದಾಗ ಗಂಧಕ್ಕೆ ಮೊದಲು ಅಜ್ಜಿಯ ನೆನಪು ಬಂತು, ಅಥವಾ ಎರಡೂ ಒಟ್ಟಿಗೇ ಬಂದವೇನೋ.

ಒಳಗೆ ಮರಳುವ ಸಾಮಾನಿಗೆ ಜಾಗ ಗೊತ್ತು ಮಾಡುವುದರಲ್ಲಿ ಅಮ್ಮನದು ಒಂದೇ ಲೆಕ್ಕ: ಕೈ ಎಲ್ಲಿ ಹುಡುಕುತ್ತದೋ ಅಲ್ಲಿ. ಕತ್ತಿ ತೋಟಕ್ಕೆ ಇಳಿಯುವ ಬಾಗಿಲ ಪಕ್ಕದ ಗೂಟಕ್ಕೆ, ಟಾರ್ಚು ಹಾಸಿಗೆಯ ತಲೆದೆಸೆಯ ಗೂಡಿಗೆ, ಕನ್ನಡಕ ಪೇಪರ್ ಓದುವ ಬೆಂಚಿನ ಮೇಲಿನ ಮೊಳೆಗೆ. ಅಂದವಾಗಿ ಕಾಣಲೆಂದು ಎಲ್ಲೋ ದೂರದ ಕಪಾಟಿನಲ್ಲಿಟ್ಟ ವಸ್ತು ವಾರದೊಳಗೆ ಮೇಜಿನ ಮೇಲೆ ಬಂದು ಬಿದ್ದಿರುತ್ತದೆ. ನಗರದ ಮನೆಯಲ್ಲಿ ನಾನು ಡಬ್ಬಿಗಳ ಮೇಲೆ ಡಬ್ಬಿ ಕೊಂಡು ಜೋಡಿಸಿದ್ದೆ. ಬೇಕಿದ್ದದ್ದು ಬಾಗಿಲ ಬಳಿ ಬೀಗದ ಕೈಗೆ ಒಂದು ಮೊಳೆ.

ಅಡಿಗೆಮನೆಯ ಕೆಲಸ ಬೇಗ ಮುಗಿಯಿತು. ನುಸಿ ಹತ್ತಿದ ಅಕ್ಕಿಯನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ನೆರಳುಬಿಸಿಲಿಗೆ ಹರಡಿ, ಪೂರ್ತಿ ಆರಿದ ಮೇಲೆಯೇ ತುಂಬಿದೆವು. ಬಿಸಿ ಇರುವಾಗ ಮುಚ್ಚಿದರೆ ಡಬ್ಬಿಯ ಒಳಗೋಡೆ ಬೆವರಿ ಮತ್ತೆ ತೇವ. ತೊಗರಿಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರಿದ್ದು ಅತ್ತಿಗೆ. ಹಳೆಯ ಬೇಳೆ ಮೇಲೆ ಬರುವಂತೆ, ಹೊಸದು ತಳಕ್ಕೆ. ಉಪ್ಪಿನಕಾಯಿ ಭರಣಿಯ ಬಾಯಿ ಒರೆಸಿ ಬಟ್ಟೆ ಬದಲಿಸಿದ್ದಾಯಿತು.

ತ್ರಯೋದಶಿಯ ಮಧ್ಯಾಹ್ನಕ್ಕೆ ಬಚ್ಚಲುಮನೆ ಉಳಿದಿತ್ತು. ಬಚ್ಚಲುಮನೆ ಎಂದರೆ ಹಂಡೆ. ಅಜ್ಜಿಯ ಮದುವೆಯ ಕಾಲದ್ದು. ನಾಲ್ಕು ಜನ ಹಿಡಿದರೆ ಮಾತ್ರ ಒಲೆಯಿಂದ ಇಳಿಯುವಂಥದ್ದು. ಹೊರಗೆಲ್ಲ ಮಸಿ, ಕಂಠದಲ್ಲಿ ಹಸಿರು ಕಿಲುಬು, ಒಳಗೆ ತಾಮ್ರ ಕಪ್ಪಾಗಿ ಮಂಕು ಹಿಡಿದಿತ್ತು. ಮೊದಲು ತಳದ ಮಸಿ. ತೆಂಗಿನ ನಾರು, ಒಲೆಯ ಬೂದಿ, ಎರಡು ತೋಳಿನ ಬಲ. ಬೂದಿ ನುಣ್ಣಗಿರುವುದರಿಂದ ಉಜ್ಜುತ್ತದೆ, ಅದರಲ್ಲಿರುವ ಕ್ಷಾರ ಜಿಡ್ಡನ್ನು ಹಿಡಿದು ಸಾಬೂನಿನ ಹಾಗೆ ಎಬ್ಬಿಸುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೂದಿಯೂ ಸೋಡವೂ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಮಸಿ ಹೋದ ಮೇಲೆ ಹುಣಸೆಹಣ್ಣು. ನೆನೆಸಿದ ಹಳೆಯ ಹುಣಸೆಯನ್ನು ಕಲ್ಲುಪ್ಪಿನ ಜೊತೆ ಹಿಚುಕಿ ಅಮ್ಮ ಹಂಡೆಯ ಭುಜಕ್ಕೆ ಬಳಿದಳು.

ಆಮೇಲೆ ಆದದ್ದನ್ನು ನಾನು ಬಾಲ್ಯದಿಂದ ನೋಡುತ್ತಿದ್ದರೂ ಪ್ರತಿ ಸಲ ಕೆಲಸ ಬಿಟ್ಟು ನೋಡುತ್ತೇನೆ. ಅವಳ ಬೆರಳು ಹೋದ ದಾರಿಯಲ್ಲಿ ಕಪ್ಪು ಕರಗಿ, ಆಗತಾನೇ ಹುಟ್ಟಿದ ಮಗುವಿನ ಮೈಯಂಥ ಕೆಂಪು ಎದ್ದು ಬರುತ್ತದೆ. ಹುಣಸೆಯ ಆಮ್ಲಕ್ಕೆ ತಾಮ್ರದ ಮೇಲಿನ ಕಿಟ್ಟ ಕರಗುತ್ತದೆ, ಉಪ್ಪು ಅದಕ್ಕೆ ಒತ್ತಾಸೆ. ಕರಗಿದ್ದನ್ನು ಚೆನ್ನಾಗಿ ತೊಳೆದು ಕೂಡಲೇ ಒರೆಸಬೇಕು, ಹುಳಿ ಉಳಿದರೆ ಸಂಜೆಗೇ ಮಂಕಾಗುತ್ತದೆ. ಅಣ್ಣನ ಮಗಳು ಹಂಡೆಯ ಹೊಟ್ಟೆಯ ಮೇಲೆ ಮುಖ ನೋಡಿಕೊಂಡು, "ಅತ್ತೆ, ನನ್ನ ಮೂಗು ಎಷ್ಟು ದಪ್ಪ!" ಎಂದು ಕುಣಿದಳು. ಅವಳಿಗೂ ಒಂದು ಹಿಡಿ ಹುಣಸೆ ಕೊಟ್ಟೆವು. ಮುಂದಿನ ಸಲ ಒಲೆಗೇರಿಸುವ ಮೊದಲು ತಳಕ್ಕೆ ಮಣ್ಣು ಕಲಸಿ ಬಳಿದರೆ ಮಸಿ ಆ ಮಣ್ಣಿನ ಜೊತೆಗೇ ಕಳಚಿ ಬರುತ್ತದೆಂದು ಅಮ್ಮ ಹೇಳುತ್ತಲೇ ಬಳಿದೂ ಬಿಟ್ಟಳು.

ಬಚ್ಚಲಿನ ಕಲ್ಲಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದೆವು, ಗೋಡೆಗೆ ಅಣ್ಣ ಸುಣ್ಣ ಹೊಡೆದ. ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೇಗ ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವವರನ್ನು ಕಂಡಿದ್ದೇನೆ. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ, ಸಣ್ಣ ಕೋಣೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಒಂದು ದಿನ ಒಂದೇ ಸಾಕು. ವಿಷಗಾಳಿಯದೇ ಇನ್ನೊಂದು ಮಾತು: ಹಂಡೆಯೊಲೆಯ ಬಚ್ಚಲಿಗೆ ಹೆಂಚಿನ ಸಂದಿನಲ್ಲಿ ಹೊಗೆ ಹೋಗಲು ದಾರಿ ಇದೆ. ಕಿಟಕಿ ಇಲ್ಲದ ಪಟ್ಟಣದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟು ಬಾಗಿಲು ಹಾಕಿಕೊಂಡರೆ ತುಂಬುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೇ ಇಲ್ಲ. ಮಲಗಿದ ಹಾಗೆ ಪ್ರಾಣ ಹೋಗುತ್ತದೆ. ಆ ಗೀಸರ್ ಬಚ್ಚಲಿನ ಹೊರಗಿರಲಿ.

ಸಂಜೆ ಹಂಡೆಯ ಮೇಲೆ ಶೇಡಿ, ಕೆಮ್ಮಣ್ಣಿನ ಗೆರೆಗಳು ಬಿದ್ದವು. ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ. ಬಾವಿಯಿಂದ ಸೇದಿದ ನೀರು ಕೊಡ ಕೊಡವಾಗಿ ಅದರ ಹೊಟ್ಟೆಗೆ ಇಳಿದಾಗ ಮೊದಲು ಟಂಕಾರ, ಆಮೇಲೆ ಗುಡುಗುಡು, ತುಂಬಿದ ಮೇಲೆ ಮೌನ. ನೀರು ತುಂಬುವ ಹಬ್ಬ ಮುಗಿಯಿತು. ಮನೆಯೆಲ್ಲ ಸುಣ್ಣ, ಹುಣಸೆ, ಬಿಸಿಲು ಕುಡಿದ ಹತ್ತಿಯ ವಾಸನೆ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಕೈ ನೋಡಿದೆ. ಬೆರಳ ತುದಿಗಳು ಬಿರಿದಿದ್ದವು. ಸಾರಿನ ಖಾರ ತಾಗಿದಾಗ ಒಮ್ಮೆ ಕೈ ಹಿಂದೆಳೆದುಕೊಂಡಳು. ಬೂದಿ, ಸೋಡ, ಹುಣಸೆ ಮುಟ್ಟುವ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ, ಅಥವಾ ಕೈಗವಸು ಹಾಕಿಕೊಂಡರೆ ಇಷ್ಟು ಬಿರಿಯುವುದಿಲ್ಲ ಎಂದು ನಮಗೆಲ್ಲ ಹೇಳಿದವಳು ಅವಳೇ. ಎದ್ದು ನಿಲ್ಲುವಾಗ ಗೋಡೆ ಹಿಡಿದಳು. ನಾಲ್ಕು ದಿನ ಮನೆಯ ಒಂದೊಂದು ವಸ್ತುವನ್ನೂ ಎತ್ತಿ, ಒರೆಸಿ, ಅದರದರ ಜಾಗಕ್ಕೆ ಸೇರಿಸಿದ್ದೆವು. ಈ ಒಬ್ಬಳನ್ನು ಯಾವ ಚಾಪೆಯ ಮೇಲೂ ಕೂರಿಸಿರಲಿಲ್ಲ.

ಅಜ್ಜಿಯೂ ಹೀಗೆಯೇ ಇದ್ದಳು. ಚತುರ್ದಶಿಯ ಮುಂಜಾನೆ ಮನೆಮಂದಿಗೆಲ್ಲ ಎಣ್ಣೆ ಹಚ್ಚಿ, ಎಲ್ಲರ ಮೀಹ ಮುಗಿಸಿ, ದೋಸೆ ಹೊಯ್ದು ಬಡಿಸಿ, ಹತ್ತು ಗಂಟೆಯ ಮೇಲೆ ಬಚ್ಚಲಿಗೆ ಹೋಗುತ್ತಿದ್ದಳು. ಆಗ ಹಂಡೆಯಲ್ಲಿ ಉಳಿದಿರುತ್ತಿದ್ದದ್ದು ಉಗುರುಬೆಚ್ಚಗಿನ ತಳದ ನೀರು. ಅವಳ ಬೆನ್ನಿಗೆ ಯಾರಾದರೂ ಎಣ್ಣೆ ಹಚ್ಚಿದ್ದನ್ನು ನಾನು ನೋಡಿದ ನೆನಪಿಲ್ಲ. ಅದು ನನಗೆ ಈಗಲೂ ಸಂಕಟದ ವಿಷಯ.

ಮರುದಿನ ನಾಲ್ಕೂವರೆಗೆ ಎದ್ದು ಬಚ್ಚಲೊಲೆಗೆ ಬೆಂಕಿ ಮಾಡಿದೆ. ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪು, ಒಂದೆಲಗ ಹಾಕಿ ಕಾಸಿದ್ದು ಬಟ್ಟಲಲ್ಲಿ ಬೆಚ್ಚಗಿತ್ತು. ಅಣ್ಣನಿಗೆ ಒಲೆಯ ಮುಂದೆ ಜಾಗ, ಅತ್ತಿಗೆಗೆ ದೋಸೆ ಬಂಡಿಯ ಮುಂದೆ. ಅಮ್ಮನನ್ನು ಮಣೆಯ ಮೇಲೆ ಕೂರಿಸಿದೆ.

"ಏ, ನಾನು ಕೊನೆಗೆ. ಮಗು ಏಳಲಿ ಮೊದಲು. ಅಲ್ಲಿ ಹಿಟ್ಟು..."

"ಹಿಟ್ಟು ಅತ್ತಿಗೆ ನೋಡ್ತಾಳೆ. ನೀನು ತಲೆ ಬಗ್ಗಿಸು."

ಗರಿಕೆಯಲ್ಲಿ ಎಣ್ಣೆ ಅದ್ದಿ ನೆತ್ತಿಗೆ ಮುಟ್ಟಿಸಿದೆ. ನಿತ್ಯ ಅಭ್ಯಂಗ ಮಾಡಬೇಕೆಂದ ವಾಗ್ಭಟ ತಲೆ, ಕಿವಿ, ಪಾದಗಳನ್ನು ವಿಶೇಷವಾಗಿ ನೋಡಿಕೊಳ್ಳಿ ಎಂದು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ನಿತ್ಯ ಆಗದಿದ್ದರೆ ವಾರಕ್ಕೊಮ್ಮೆ, ಹತ್ತು ನಿಮಿಷ, ಅಷ್ಟಕ್ಕೆ ಯಾರ ಮನೆಯಲ್ಲೂ ಜಾಗ ಇದೆ. ನೆತ್ತಿಯಿಂದ ಕಿವಿಯ ಹಿಂದಕ್ಕೆ, ಕುತ್ತಿಗೆಗೆ, ಗಂಟುಗಟ್ಟಿದ ಭುಜಕ್ಕೆ ಬಂದೆ. ಅಂಗಾಲಿನ ಬಿರುಕುಗಳಲ್ಲಿ ಎಣ್ಣೆ ಇಂಗಿ ಇಂಗಿ ಮತ್ತೆ ಕೇಳಿತು. ಮೊದಲು ಅವಳ ಮೈ ಎದ್ದು ಹೋಗಲು ಸಿದ್ಧವಾಗಿಯೇ ಇತ್ತು. ಪಾದಕ್ಕೆ ಬರುವಷ್ಟರಲ್ಲಿ ಬೆನ್ನು ಗೋಡೆಗೆ ಒರಗಿತು.

ಎಣ್ಣೆಗಾಲು ಜಾರದಿರಲೆಂದು ಬಚ್ಚಲ ಕಲ್ಲಿನ ಮೇಲೆ ಒಂದು ಹಿಡಿ ಸೀಗೆಪುಡಿ ಉದುರಿಸಿ, ಕೈ ಹಿಡಿದು ಕರೆದೊಯ್ದೆ. ದಾಸವಾಳದ ಎಲೆ ಹಿಚುಕಿದ ಗೊಂಪಿನಲ್ಲಿ ಸೀಗೆ ಕಲಸಿ ತಲೆಗೆ ಹಚ್ಚುವಾಗ ಅವಳು ಮಕ್ಕಳ ಹಾಗೆ ಕಣ್ಣು ಬಿಗಿದಳು. ಹಂಡೆಯ ಮುಚ್ಚಳ ತೆಗೆದೆ. ಬೆಂಕಿಯ ಬೆಳಕಿಗೆ ಹೊಳೆಯುವ ತಾಮ್ರ, ಕಂಠದವರೆಗೆ ಕುದಿಯುವ ನೀರು, ಮಾಡಿನವರೆಗೆ ಆವಿ. ಬೆರಕೆ ಮಾಡಿ, ಮುಂಗೈಗೆ ಹಾಕಿ ಬಿಸಿ ನೋಡಿ, ಮೊದಲ ತಂಬಿಗೆಯನ್ನು ಅವಳ ನೆತ್ತಿಗೆ ಸುರಿದೆ.

ಹೊರಗೆ ಅಣ್ಣನ ಮಗಳು ಎದ್ದು ಅಜ್ಜಿ ಎಲ್ಲಿ ಎಂದು ಕೇಳುತ್ತಿದ್ದಳು. ಅಮ್ಮ ಕೇಳಿಸಿಕೊಂಡಳು, ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಅಂದಳು:

"ಇನ್ನೊಂದು ತಂಬಿಗೆ ಹಾಕು."