ಸ್ವಾತಂತ್ರ್ಯ ಬಂದ ಮೇಲೆ ಜೈಲಿಗೆ ಹೋದ ಅಜ್ಜ

ನಮ್ಮಜ್ಜ ಜೈಲಿಗೆ ಹೋದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ. ಹಾನುಬಾಳಿನ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. 'ಆಗ ಯಾರ ಮೇಲೆ ಹೋರಾಟ? ಏನೋ ಗಲಾಟೆ ಮಾಡ್ಕೊಂಡಿರ್ಬೇಕು' ಎಂದು ಒಬ್ಬರು ಅಂದೇಬಿಟ್ಟರು. ಅಜ್ಜಿ ಮಾತಾಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಅಜ್ಜನ ತಕಲಿ ತಂದು ಜಗಲಿಯ ಮೇಲಿಟ್ಟರು. ಕಿಲುಬು ಹಿಡಿದ ಹಿತ್ತಾಳೆ ಬಿಲ್ಲೆ, ಕೈಯಾಡಿ ನುಣುಪಾದ ಕಡ್ಡಿ, ಅದಕ್ಕೆ ಸುತ್ತಿಕೊಂಡೇ ಉಳಿದ ಗೇಣುದ್ದದ ನೂಲು.

ನೆಂಟರದು ತಪ್ಪಲ್ಲ. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಬಾವುಟ ಹಾರಿತು ನಿಜ. ಮೈಸೂರು ಸಂಸ್ಥಾನದಲ್ಲಿ ಮಾತ್ರ ಆಡಳಿತ ಅರಮನೆಯ ಕೈಯಲ್ಲೇ ಇತ್ತು. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಜವಾಬ್ದಾರಿ ಸರ್ಕಾರ ಕೊಡಿ ಎಂದು ಕೆ.ಸಿ. ರೆಡ್ಡಿ ಮುಂದಾಳಾಗಿ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಎದ್ದಿತು. 'ಆರ್ಕಾಟ್ ಬಾಯ್ಕಾಟ್' ಎಂಬ ಕೂಗು ಊರೂರಿಗೆ ಹಬ್ಬಿತು. ಜೈಲುಗಳು ತುಂಬಿದವು, ಅಜ್ಜ ಒಳಗೆ ಹೋದದ್ದೂ ಆಗಲೇ. ಅಕ್ಟೋಬರ್ 12ಕ್ಕೆ ಒಪ್ಪಂದವಾಯಿತು, ತಿಂಗಳ ಕೊನೆಯ ಹೊತ್ತಿಗೆ ರೆಡ್ಡಿಯವರ ಮಂತ್ರಿಮಂಡಲ ಬಂತು. ಚಲೋ ಎದ್ದಾಗಿನಿಂದ ಒಪ್ಪಂದದವರೆಗೆ ಸುಮಾರು 40 ದಿನ.

ಆ 40 ದಿನವೇ ಅಜ್ಜನನ್ನು ಕಾಗದದಿಂದ ಅಳಿಸಿದ್ದು. 1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ತಂದಾಗ ಜೈಲುವಾಸ ಕನಿಷ್ಠ 6 ತಿಂಗಳಿರಬೇಕು ಎಂದಿತು. ಅರ್ಜಿ ಹಾಕಿದವರು ಜೈಲಿನ ಸರ್ಟಿಫಿಕೇಟು ತಂದರು, ಅದು ಸಿಗದವರು ಜೊತೆಗಿದ್ದ ಕೈದಿಗಳಿಂದ ಬರೆಸಿಕೊಂಡರು. ಅವರವರ ಹೆಸರಿನಲ್ಲಿ ಒಂದೊಂದು ಕಡತ ಹುಟ್ಟಿತು. ಅಜ್ಜ ಅರ್ಜಿಯನ್ನೇ ಹಾಕಲಿಲ್ಲ. ದುಡ್ಡು ಸಿಗದಿದ್ದರೆ ಹೋಗಲಿ, ಹೆಸರೂ ಜೊತೆಗೇ ಹೋಯಿತಲ್ಲ ಎಂಬುದು ನನ್ನ ಸಂಕಟ.

ಹಳೆಯ ದಾಖಲೆಗಳಲ್ಲಿ ಆ ಹೆಸರು ಹುಡುಕಲು ಹೊರಟಾಗ ಮೊದಲು ಎಡವಿದ್ದು ಊರಿನ ಹೆಸರಿನಲ್ಲಿ. ಸಕಲೇಶಪುರ ಎಂದು ಕೇಳಿಕೊಂಡು ವರ್ಷವೇ ಕಳೆದೆ. ಹಳೆಯ ದಫ್ತರಗಳಲ್ಲಿ ನಮ್ಮ ತಾಲ್ಲೂಕು 'ಮಂಜರಾಬಾದ್'. ಇಂಗ್ಲಿಷ್ ಬರವಣಿಗೆಯಲ್ಲಿ ಹಾನುಬಾಳು 'ಹಾನ್‌ಬಾಲ್' ಆಗಿಬಿಡುತ್ತದೆ. ವಿಕಾಸಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗುವ ಮಲೆನಾಡಿನ ಮೊಮ್ಮಕ್ಕಳು ಈ ಎರಡು ಹೆಸರನ್ನೂ ಬರೆದುಕೊಂಡು ಹೋಗಲಿ.

ಅದೇ 1947ರಲ್ಲಿ ಐರ್ಲೆಂಡಿನ ಸರ್ಕಾರ ತನ್ನ ಹೋರಾಟಗಾರರ ನೆನಪುಗಳನ್ನು ಬರೆಸಿಕೊಳ್ಳಲು ಶುರುಮಾಡಿತ್ತು. 10 ವರ್ಷದಲ್ಲಿ 1,773 ಹೇಳಿಕೆಗಳು. 2003ರಲ್ಲಿ ಅವನ್ನು ಎಲ್ಲರಿಗೂ ತೆರೆದಿಟ್ಟರು. ಅಲ್ಲಿಯ ಮೊಮ್ಮಗಳು ಮನೆಯಲ್ಲೇ ಕೂತು ತನ್ನಜ್ಜನ ಮಾತು ಓದಬಹುದು. ನಮ್ಮ ಹೋಬಳಿಗೆ ಹಾಗೆ ಯಾರಾದರೂ ಬಂದು ಕೂತು ಕೇಳಿದ್ದರೆ ಎಂದು ಹೊಟ್ಟೆ ಉರಿಯುತ್ತದೆ.

ಕೇಳಿದವಳು ನಾನೊಬ್ಬಳೇ, ಅದೂ ತಡವಾಗಿ. ಅಜ್ಜಿಗೆ ತಾರೀಕು ಗೊತ್ತಿರಲಿಲ್ಲ. 'ನಾಟಿ ಮುಗ್ದಿತ್ತು. ಗೌರಿ ಹಬ್ಬಕ್ಕೆ ಅವ್ರಿರ್ಲಿಲ್ಲ, ಬಾಗಿನಾನೂ ಕೊಡ್ಲಿಲ್ಲ ನಾನು. ಗದ್ದೆ ಹೊಡೆ ಬಂದಾಗ ಬಂದ್ರು. ಆಯುಧಪೂಜೆಗೆ ಕತ್ತಿ ತೊಳ್ದಿದ್ದು ಅವ್ರೇ' ಎಂದರು. ಹಳೆಯ ಪಂಚಾಂಗದ ಲೆಕ್ಕ ಹಾಕಿ ನೋಡಿದೆ. ಆ ವರ್ಷ ಗೌರಿ ಹಬ್ಬ ಸೆಪ್ಟೆಂಬರ್ ನಡುವಿಗೆ, ಆಯುಧಪೂಜೆ ಒಪ್ಪಂದವಾದ ಎರಡು ವಾರದೊಳಗೆ. ಒಂದು ಚೀಟಿಯಲ್ಲಿ ಆ ದಿನಗಳನ್ನು ಬರೆದು ಟ್ರಂಕಿನಲ್ಲಿ ತಕಲಿಯ ಪಕ್ಕದಲ್ಲಿಟ್ಟೆ. ಅಜ್ಜನ ಸೆರೆವಾಸಕ್ಕೆ ಸದ್ಯ ನಮ್ಮ ಮನೆಯಲ್ಲಿರುವ ದಾಖಲೆ ಅದು.