ದೋಣಿ ಒಂದು, ಗಾಳ ನಾಲ್ಕು: ಟ್ರೋಲಿಂಗ್ ವೇಳೆ ದಾರ ಸಿಕ್ಕಾಗದಿರಲು ಹೀಗೆ ಮಾಡಿ

ಅಂಡಮಾನ್ ಕಡಲಲ್ಲಿ ಹವ್ಯಾಸಕ್ಕೆ ಮೀನು ಹಿಡಿಯುವವರಿಗೆ ಟ್ರೋಲಿಂಗ್ ಹೊಸದಲ್ಲ. ಇದು ಬಲೆ ಎಳೆಯುವ ಟ್ರಾಲಿಂಗ್ ಅಲ್ಲ; ಸಾಗುತ್ತಿರುವ ದೋಣಿಯ ಹಿಂದೆ ಗಾಳದ ದಾರ ಎಳೆದೊಯ್ಯುವ ವಿಧಾನ. ಗಾಳ ಹೆಚ್ಚಾದಷ್ಟೂ ಮೀನು ಸಿಗುವ ಅವಕಾಶ ಹೆಚ್ಚು, ದಾರಗಳು ಸಿಕ್ಕಾಗುವ ಅಪಾಯವೂ ಹೆಚ್ಚು.

ಎಲ್ಲ ದಾರಗಳನ್ನೂ ಒಂದೇ ಉದ್ದಕ್ಕೆ ಬಿಡಬೇಡಿ. ನಾಲ್ಕು ಗಾಳಗಳಿದ್ದರೆ ನಡುವಿನ ಎರಡನ್ನು 15 ಮತ್ತು 20 ಮೀಟರ್, ಅಂಚಿನ ಎರಡನ್ನು 30 ಮತ್ತು 40 ಮೀಟರ್ ದೂರಕ್ಕೆ ಬಿಡಬಹುದು. ಆಳಕ್ಕಿಳಿಯುವ ಕೃತಕ ಮೀನು ಹತ್ತಿರದ ದಾರಕ್ಕಿರಲಿ, ನೀರಿನ ಮೇಲ್ಭಾಗದಲ್ಲಿ ಸಾಗುವಂಥದ್ದು ದೂರದ್ದಕ್ಕೆ. ಆಗ ದಾರಗಳು ಬೇರೆ ಬೇರೆ ಮಟ್ಟದಲ್ಲಿರುತ್ತವೆ. ದೂರದ ದಾರವನ್ನೇ ಮೊದಲು ಬಿಡಿ.

ಹೆಚ್ಚಿನ ಎಡವಟ್ಟು ಆಗುವುದು ತಿರುವಿನಲ್ಲಿ. ದೋಣಿ ಗಕ್ಕನೆ ತಿರುಗಿದರೆ ಒಳಬದಿಯ ದಾರ ಸಡಿಲವಾಗಿ ಮುಳುಗುತ್ತದೆ, ಹೊರಬದಿಯದು ಅದರ ಮೇಲೆ ಹಾಯುತ್ತದೆ. ಆದ್ದರಿಂದ ನಿಧಾನವಾಗಿ, ಅಗಲವಾಗಿ ತಿರುಗಿಸಿ.

ಮೀನು ಕಚ್ಚಿದ ಕೂಡಲೇ ದೋಣಿ ನಿಲ್ಲಿಸುವುದೂ ತಪ್ಪು. ಉಳಿದ ದಾರಗಳು ಸಡಿಲಗೊಂಡು ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳಬಹುದು. ನಡುಗಡಲಲ್ಲಿ ಎಂಜಿನ್ ಕೈಕೊಟ್ಟರೆ ಜೀವಕ್ಕೇ ಸಂಚಕಾರ. ದೋಣಿ ನಿಧಾನವಾಗಿ ಮುಂದೆ ಸಾಗುತ್ತಿರಲಿ. ಒಬ್ಬರು ಮೀನನ್ನು ಎಳೆಯುವಾಗ ಇನ್ನೊಬ್ಬರು ಉಳಿದ ದಾರಗಳನ್ನು ಸುತ್ತಿಕೊಳ್ಳಲಿ. ಬಿಡಿಸಲಾಗದ ದಾರವನ್ನು ಕತ್ತರಿಸಿ ಕಡಲಿಗೆ ಎಸೆಯಬೇಡಿ. ಅದು ಆಮೆಗಳಿಗೆ ಉರುಳಾಗುತ್ತದೆ.